ಖಾನೇಷುಮಾರಿಯಲ್ಲಿ ದುಡಿಯುವವರು

ಒಂದು ರಾಜ್ಯದ ಆರ್ಥಿಕ ಸ್ಥಿತಿಯನ್ನು ಅಳೆಯಹೊರಟವರು ಮೊದಲು ಕೇಳುವ ಪ್ರಶ್ನೆಗಳಲ್ಲಿ, ಅಲ್ಲಿಯ ಪ್ರಜೆಗಳ ಪೈಕಿ ನೂರಕ್ಕೆ ಎಷ್ಟು ಮಂದಿ ದುಡಿಯುತ್ತಿದ್ದಾರೆ ಅಥವಾ ದುಡಿಮೆಯನ್ನು ಅರಸುತ್ತಿದ್ದಾರೆ ಎಂಬುದು ಒಂದು. ಆದರೆ ನಮ್ಮ ದೇಶದ ಖಾನೇಷುಮಾರಿಯವರು ಈ ಲೆಕ್ಕವನ್ನು ಬರೆದಿಟ್ಟ ಬಗೆಯನ್ನು ದಶಕದಿಂದ ದಶಕಕ್ಕೆ ನೋಡುತ್ತ ಬಂದವರಿಗೆ, ಜನ ಹೊಲದಲ್ಲಿಯೂ ಮಗ್ಗದಲ್ಲಿಯೂ ಮೊದಲಿನಂತೆಯೇ ಬೆವರು ಸುರಿಸುತ್ತಿದ್ದಾಗಲೂ ಕಾಗದದ ಮೇಲೆ ಅವರ ಸಂಖ್ಯೆ ಏರುತ್ತ ಇಳಿಯುತ್ತ ಹೋದುದು ಕಾಣುತ್ತದೆ.

ಮೈಸೂರು ಸೀಮೆಯಲ್ಲಿ ಇಂಥ ಎಣಿಕೆ 1871ರಲ್ಲಿ, ಬ್ರಿಟಿಷ್ ಕಮಿಷನರರ ಆಳ್ವಿಕೆಯಲ್ಲಿಯೇ ನಡೆದಿತ್ತು. ದೇಶಕ್ಕೆಲ್ಲ ಏಕಕಾಲದ ಎಣಿಕೆ 1881ರ ಫೆಬ್ರವರಿಯಲ್ಲಿ, ಎಂದರೆ ಸಂಸ್ಥಾನವು ಒಡೆಯರಿಗೆ ಮರಳಿ ಸೇರುವುದಕ್ಕೆ ಸುಮಾರು ಒಂದು ತಿಂಗಳ ಮುಂಚೆ ನಡೆಯಿತು. 1891ರಲ್ಲಿ ವಿಚಾರಿಸಿದುದು ಜೀವನೋಪಾಯವನ್ನು; 1901ರಲ್ಲಿ ಸ್ವತಃ ದುಡಿಯುವವರನ್ನೂ ಅವರನ್ನು ಆಶ್ರಯಿಸಿದವರನ್ನೂ ಬೇರ್ಪಡಿಸಿದರು. ಹಟ್ಟನ್ನರ ನೇತೃತ್ವದ 1931ರ ಗಣತಿಯಲ್ಲಿ ಇವೆರಡರ ನಡುವೆ ‘ದುಡಿಯುವ ಅವಲಂಬಿತರು’ ಎಂಬ ಮತ್ತೊಂದು ವರ್ಗ ಹುಟ್ಟಿಕೊಂಡಿತು. ದುಡಿದೂ ಅವಲಂಬಿತರೆನಿಸಿಕೊಂಡ ಆ ಜನರಲ್ಲಿ ಹೆಂಗಸರೇ ಹೆಚ್ಚೆಂಬುದನ್ನು ಬೇರೆ ಹೇಳಬೇಕಾಗಿಲ್ಲ. 1951ಕ್ಕೆ ಬರುವಾಗ ಸಂಪಾದನೆಯೇ ಅಳತೆಗೋಲಾಗಿತ್ತು.

ಈ ವಿಂಗಡಣೆಗಳು ಎಲ್ಲಿ ತೊಡಕಿಗೆ ಸಿಕ್ಕುತ್ತವೆಂಬುದನ್ನು ತಿಳಿಯಲು ಹಳೆಯ ಮೈಸೂರಿನ ಯಾವುದಾದರೂ ರೇಷ್ಮೆಹುಳು ಸಾಕುವ ಮನೆಯನ್ನು ಹೊಕ್ಕರೆ ಸಾಕು. ಹಿಪ್ಪುನೇರಳೆಯ ತೋಟ ಯಜಮಾನನ ಹೆಸರಿನಲ್ಲಿದೆ; ಗೂಡನ್ನು ಮಾರಿ ಹಣವನ್ನು ಎಣಿಸಿಕೊಂಡು ಬರುವವನೂ ಅವನೇ. ಸೊಪ್ಪನ್ನು ಬಿಡಿಸಿ ತಂದು, ಎಳೆಯ ಹುಳುಗಳಿಗೆ ಸಣ್ಣಗೆ ಕೊಚ್ಚಿ ಹಾಕಿ, ತಟ್ಟೆಯ ಕಸವನ್ನು ತೆಗೆದು, ನಾಲ್ಕನೆಯ ಜ್ವರ, ಎಂದರೆ ಪೊರೆ ಬಿಡುವ ಹಂತ, ಕಳೆದು ಹುಳು ಹಸಿದು ಮೇಯತೊಡಗಿದಾಗ ರಾತ್ರಿಯೂ ಎದ್ದು ಸೊಪ್ಪು ಹಾಕಿ, ಹಣ್ಣಾದ ಹುಳುಗಳನ್ನು ಒಂದೊಂದಾಗಿ ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡುವವಳು ಮನೆಯಾಕೆ. ಎಣಿಸಲು ಬಂದ ಮೇಷ್ಟರು ಜಗಲಿಯ ಮೇಲೆ ಕುಳಿತು, “ನಿಮ್ಮ ಮನೆಯವರು ಏನು ಮಾಡುತ್ತಾರೆ?” ಎಂದರೆ, ಯಜಮಾನ ಹೇಳುವ ಉತ್ತರ, “ಅವಳೇನು ಮಾಡ್ತಾಳೆ ಸ್ವಾಮಿ, ಮನೇಲಿದ್ದಾಳೆ.” ಅವನು ಸುಳ್ಳು ಹೇಳಿದನೆನ್ನಲಾಗದು, ತನಗೆ ಅರ್ಥವಾದ ಪ್ರಶ್ನೆಗೆ ಉತ್ತರ ಕೊಟ್ಟನು.

1961ರಲ್ಲಿ, ಅಶೋಕ ಮಿತ್ರರು ಗಣತಿಯ ಹೊಣೆಯನ್ನು ಹೊತ್ತಿದ್ದಾಗ, ಪ್ರಶ್ನೆಯನ್ನು ಉದಾರಗೊಳಿಸಿದರು. ಬೇಸಾಯದಂಥ ಋತುಮಾನದ ಕಸುಬಿನಲ್ಲಿ, ಕೆಲಸದ ಕಾಲದ ಬಹುಭಾಗ ದಿನಕ್ಕೆ ಒಂದು ಗಂಟೆಗೆ ಮೀರಿ ಕ್ರಮವಾಗಿ ದುಡಿದವರೆಲ್ಲರೂ ಕೆಲಸಗಾರರೇ ಎಂದಾಯಿತು. ದೇಶದಲ್ಲಿ ನೂರಕ್ಕೆ ನಲವತ್ತಮೂರು ಮಂದಿ ದುಡಿಯುವವರೆಂದು ಲೆಕ್ಕ ಸಿಕ್ಕಿತು. ಸ್ತ್ರೀಯರಲ್ಲಿ ನೂರಕ್ಕೆ ಸುಮಾರು ಇಪ್ಪತ್ತೆಂಟು. 1971ರಲ್ಲಿ ‘ನಿಮ್ಮ ಮುಖ್ಯ ಚಟುವಟಿಕೆ ಯಾವುದು?’ ಎಂದು ಕೇಳಿದರು. ಅಡಿಗೆಮನೆಯ ಹೆಸರು ಮುಂದೆ ಬಂದು ಹೊಲದ ಹೆಸರು ಹಿಂದಕ್ಕೆ ಸರಿಯಿತು. ದುಡಿಯುವವರ ಒಟ್ಟು ಪ್ರಮಾಣ ಮೂವತ್ತಮೂರಕ್ಕೂ, ಸ್ತ್ರೀಯರದು ಸುಮಾರು ಹನ್ನೆರಡಕ್ಕೂ ಕುಸಿಯಿತು. ದೇಶದ ಜನಸಂಖ್ಯೆ 43.9 ಕೋಟಿಯಿಂದ 54.8 ಕೋಟಿಗೆ ಬೆಳೆದಿದ್ದ ಆ ಹತ್ತು ವರ್ಷಗಳಲ್ಲಿ ಕೆಲಸಗಾರರು ಹದಿನೆಂಟು ಮುಕ್ಕಾಲು ಕೋಟಿಗೂ ಮಿಕ್ಕಿದ್ದವರು ಹದಿನೆಂಟು ಕೋಟಿಯ ಆಸುಪಾಸಿಗೆ ಇಳಿದರೆಂದರೆ, ಯಾವ ಕ್ಷಾಮ ಡಾಮರಗಳಿಗೂ ಆಗದ ಕೆಲಸವನ್ನು ಒಂದು ನಮೂನೆಯ ಕಾಗದ ಮಾಡಿತೆನ್ನಬೇಕು. ಮೈಸೂರು ರಾಜ್ಯವೂ ಈ ಇಳಿತಕ್ಕೆ ಹೊರತಾಗಿರಲಿಲ್ಲ. ಆ ಅಂಕಿಗಳೆರಡನ್ನು ಪಕ್ಕದಲ್ಲಿಟ್ಟು ರಾಜ್ಯದ ಏಳುಬೀಳನ್ನು ವಿವೇಚಿಸಿದವನ ಶ್ರಮ ವ್ಯರ್ಥವೆಂದೇ ನನ್ನ ಎಣಿಕೆ.

ಗಣತಿಯವರಿಗೂ ಇದು ತಿಳಿಯದೆ ಹೋಗಲಿಲ್ಲ. 1981ರಲ್ಲಿ ವರ್ಷಕ್ಕೆ 183 ದಿನ ದುಡಿದವರನ್ನು ಮುಖ್ಯ ಕೆಲಸಗಾರರೆಂದೂ, ಅದಕ್ಕೆ ಕಡಮೆ ದುಡಿದವರನ್ನು ಅಲ್ಪಾವಧಿಯವರೆಂದೂ ವಿಂಗಡಿಸಿದರು. 1991ರಲ್ಲಿ, ಮನೆಯ ಹೊಲದಲ್ಲಾಗಲಿ ಕಸುಬಿನಲ್ಲಾಗಲಿ ಕೂಲಿಯಿಲ್ಲದೆ ಮಾಡಿದ ಕೆಲಸವೂ ಸೇರಬೇಕೆಂಬ ಮಾತನ್ನು ಪ್ರಶ್ನೆಯೊಳಗೇ ಅಚ್ಚುಹಾಕಿಸಿದರು. 2001ರಲ್ಲಿ ಮನೆಯ ಬಳಕೆಗಷ್ಟೇ ಹಾಲು ಉತ್ಪಾದಿಸುವವರೂ ಕೆಲಸಗಾರರ ಪಟ್ಟಿಗೆ ಸೇರಿದರು. ಆ ಹಾಲನ್ನು ಕಾಯಿಸಿ, ಹೆಪ್ಪು ಹಾಕಿ, ಮನೆಮಂದಿಗೆ ಬಡಿಸುವುದಷ್ಟೇ ಮೊದಲಿನಂತೆ ಲೆಕ್ಕದ ಹೊರಗೆ ಉಳಿಯಿತು.