ಬ್ಯಾಟರಿಯ ಕಿಲುಬು: ಒಂದು ಹಳೆಯ ಮದ್ದಿನ ಚರಿತ್ರೆ

ಫ್ರಾನ್ಸಿನ ಗಾಸ್ತೋ ಪ್ಲಾಂಟೆ 1859ರಲ್ಲಿ ಸೀಸದ ಹಾಳೆಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿ, ಮತ್ತೆ ಮತ್ತೆ ಚಾರ್ಜ್ ಮಾಡಬಲ್ಲ ಬ್ಯಾಟರಿಯನ್ನು ರೂಪಿಸಿದ. ಇಂಥ ಬ್ಯಾಟರಿಯ ಟರ್ಮಿನಲ್‌ಗಳು, ಎಂದರೆ ತಂತಿ ಜೋಡಿಸುವ ಸೀಸದ ಗೂಟಗಳು, ಕಿಲುಬು ಹಿಡಿಯುವುದು ಕಾರಿಗೆ ದೊಡ್ಡ ಪೀಡೆಯಾದದ್ದು ಮಾತ್ರ ಬಹಳ ತಡವಾಗಿ. ಹ್ಯಾಂಡಲ್ ತಿರುಗಿಸಿ ಎಂಜಿನ್ ಚಾಲೂ ಮಾಡುತ್ತಿದ್ದ ಕಾಲದಲ್ಲಿ ಬ್ಯಾಟರಿಯ ಮೇಲಿದ್ದ ಹೊರೆ ಹಗುರವಾಗಿತ್ತು. 1912ರ ಕ್ಯಾಡಿಲಾಕ್ ಕಾರಿನಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಬಂದು, ಅದು ಕ್ರಮೇಣ ಎಲ್ಲೆಡೆ ಹರಡಿದ ಮೇಲೆ, ಅದೇ ಗೂಟಗಳ ಮೂಲಕ ನೂರಾರು ಆಂಪಿಯರ್ ಹರಿಯಬೇಕಾಯಿತು. ಕಿಲುಬಿನಿಂದ ಜೋಡಣೆಯಲ್ಲಿ 0.01 ಓಮ್‌ನಷ್ಟು ರೋಧ ಸೇರಿದರೂ 200 ಆಂಪಿಯರ್ ಹರಿಯುವಾಗ 2 ವೋಲ್ಟ್ ಅಲ್ಲಿಯೇ ವ್ಯಯವಾಗುತ್ತದೆ. ಅಮೆರಿಕದ ಬಹುಪಾಲು ಕಾರುಗಳಲ್ಲಿ 1950ರ ದಶಕದವರೆಗೂ ಇದ್ದ 6 ವೋಲ್ಟ್ ಬ್ಯಾಟರಿಗೆ ಇದು ಮೂರನೆಯ ಒಂದು ಪಾಲಿನ ನಷ್ಟ.

ಸೀಸದ ಮೇಲೆ ಆಮ್ಲ ಬಿದ್ದರೆ ಕರಗದ ಸಲ್ಫೇಟಿನ ಪೊರೆ ಕಟ್ಟಿಕೊಂಡು ಲೋಹವನ್ನೇ ಕಾಯುತ್ತದೆ. ಪೆಟ್ಟು ಬೀಳುವುದು ಅದಕ್ಕೆ ಬಿಗಿದ ತಾಮ್ರದ ತಂತಿಗೆ ಮತ್ತು ಹಿತ್ತಾಳೆಯ ಕ್ಲ್ಯಾಂಪಿಗೆ: ಗೂಟದ ಬುಡದ ಸಂದಿನಿಂದ ಜಿನುಗಿದ ಆಮ್ಲವೂ, ಚಾರ್ಜ್ ಆಗುವಾಗ ಏಳುವ ಅನಿಲದ ಗುಳ್ಳೆಗಳು ಹೊತ್ತು ತರುವ ಆಮ್ಲದ ತುಂತುರೂ ಸೇರಿ ತಾಮ್ರವನ್ನು ನೀಲಿ-ಹಸಿರು ಸಲ್ಫೇಟಾಗಿ ಮಾರ್ಪಡಿಸುತ್ತವೆ. ಇದಕ್ಕೆ ದೊರೆತ ಮದ್ದು, ಸೋಜಿಗವೆಂಬಂತೆ, ಎಣ್ಣೆಬಾವಿಯ ಜಿಡ್ಡಿನಿಂದ ಬಂದಿತು. ರಾಬರ್ಟ್ ಚೀಸ್‌ಬ್ರೋ 1872ರಲ್ಲಿ ಪೇಟೆಂಟ್ ಪಡೆದ ವ್ಯಾಸಲೀನ್ ಗಾಯದ ಮುಲಾಮಾಗಿ ಪ್ರಸಿದ್ಧವಾಗಿದ್ದರೂ, ಬ್ಯಾಟರಿಯ ಆಮ್ಲಕ್ಕೆ ಜಗ್ಗದ ಗುಣದಿಂದಾಗಿ ಮೆಕ್ಯಾನಿಕ್ಕುಗಳ ಕೈಪಿಡಿಗಳಿಗೂ ಸೇರಿತು. ಅಡುಗೆ ಸೋಡಾ ಬೆರೆಸಿದ ನೀರಿನಿಂದ ಆಮ್ಲವನ್ನು ತಟಸ್ಥಗೊಳಿಸಿ, ಒರೆಸಿ, ಕ್ಲ್ಯಾಂಪು ಬಿಗಿದ ಅನಂತರ ಮೇಲೆ ಸವರುವುದೇ ಸರಿಯಾದ ಕ್ರಮ. ಸೋಡಾ ನೀರು ಬ್ಯಾಟರಿಯೊಳಗೆ ಇಳಿದರೆ ಒಳಗಿನ ಆಮ್ಲವೂ ಸತ್ತ್ವ ಕಳೆದುಕೊಳ್ಳುತ್ತದೆ.

ಆದರೆ ಈ ಲೇಪ ಪರಿಣಾಮವನ್ನು ತಡೆಯಿತೇ ಹೊರತು ಮೂಲವನ್ನು ಮುಟ್ಟಲಿಲ್ಲ. ಫಲಕಗಳ ಚೌಕಟ್ಟು ಗಟ್ಟಿಯಾಗಲೆಂದು ಸೀಸಕ್ಕೆ ಬೆರೆಸುತ್ತಿದ್ದ ಆಂಟಿಮನಿ ಎಂಬ ಲೋಹವೇ ಅನಿಲ ಹೆಚ್ಚಲು ಒಂದು ಮುಖ್ಯ ಕಾರಣವಾಗಿತ್ತು. ಅದರ ಬದಲು ಕ್ಯಾಲ್ಸಿಯಂ ಬೆರೆಸುವ ವಿಧಾನವನ್ನು ಅಮೆರಿಕದ ಬೆಲ್ ಪ್ರಯೋಗಾಲಯ 1930ರ ದಶಕದಲ್ಲಿಯೇ ದೂರವಾಣಿ ಬ್ಯಾಟರಿಗಳಿಗಾಗಿ ಕಂಡುಕೊಂಡಿದ್ದರೂ ಕಾರುಗಳಿಗೆ ಅದು ತಲುಪಿದ್ದು 1970ರ ದಶಕದಲ್ಲಿ. ಅಂದಿನಿಂದ ನೀರು ತುಂಬಬೇಕಿಲ್ಲದ ಬ್ಯಾಟರಿಗಳು ಹೆಚ್ಚಿ ಕಾರಿನ ಕಿಲುಬು ಬಹಳಷ್ಟು ತಗ್ಗಿತು. ಕರ್ನಾಟಕದ ಮನೆಗಳಲ್ಲಿ ಇನ್ವರ್ಟರಿಗೆ ಜೋಡಿಸುವ ಟ್ಯೂಬುಲರ್ ಬ್ಯಾಟರಿಗಳಲ್ಲಿ ಆಂಟಿಮನಿ ಸ್ವಲ್ಪಮಟ್ಟಿಗೆ ಇಂದಿಗೂ ಉಳಿದಿರುವುದರಿಂದ, ಅವುಗಳಿಗೆ ಡಿಸ್ಟಿಲ್ಡ್ ವಾಟರ್ ಹಾಕುವವರು ವ್ಯಾಸಲೀನ್ ಡಬ್ಬಿಯನ್ನೂ ಜೊತೆಗೆ ತರುತ್ತಾರೆ.