ಸಕುಟುಂಬ ಸಪರಿವಾರ ಸಮೇತ

ವಿವಾಹದ ಕರೆಯೋಲೆಯಲ್ಲಿ ‘ಸಕುಟುಂಬ ಸಪರಿವಾರ ಸಮೇತರಾಗಿ’ ದಯಮಾಡಿಸಬೇಕೆಂದು ಅಚ್ಚುಹಾಕಿಸುವವರಿಗೆ, ಅಷ್ಟು ಜನವೂ ಯಾವ ವಾಹನವೇರಿ ಬಂದಾರೆಂಬ ಚಿಂತೆ ಇರುವುದಿಲ್ಲ. ಆ ಚಿಂತೆಯೇನಿದ್ದರೂ ಕರೆಯೋಲೆಯನ್ನು ಕೈಗೆತ್ತಿಕೊಂಡ ಗೃಹಸ್ಥನದು. ಎತ್ತಿನ ಗಾಡಿಯ ಕಾಲದಲ್ಲಿ ಅದಕ್ಕೆ ಪರಿಹಾರ ಸುಲಭವಾಗಿದ್ದಿತು. ಹೊಲಕ್ಕೆ ಗೊಬ್ಬರ ಹೊರುವ ಗಾಡಿಗೇ ಬಿದಿರಿನ ಕಮಾನು ಕಟ್ಟಿ, ತಳಕ್ಕೆ ಹುಲ್ಲು ಹಾಸಿ, ಮೇಲೊಂದು ಜಮಖಾನವನ್ನು ಹರಡಿದರೆ, ಮುದುಕಿಯಿಂದ ಮೊದಲ್ಗೊಂಡು ಹಸುಗೂಸಿನವರೆಗೆ ಮನೆಮಂದಿಯೆಲ್ಲರೂ, ಅವರೊಡನೆ ಬುತ್ತಿಯ ಗಂಟೂ ಹಾಸಿಗೆಯ ಸುರುಳಿಯೂ, ಒಂದೇ ಚಾವಣಿಯ ಕೆಳಗೆ ಜಾತ್ರೆಗೋ ಮದುವೆಗೋ ಸಾಗುತ್ತಿದ್ದರು. ಜನಕ್ಕೊಂದು ಕೋಣೆ, ಸಾಮಾನಿಗೊಂದು ಕೋಣೆ ಎಂಬ ಭೇದ ಬಂದುದು ಮೋಟಾರು ಬಂದ ಮೇಲೆ; ಆದಕಾರಣ ನಮ್ಮಲ್ಲಿ ಕುಟುಂಬದ ಕಾರಿನ ಚರಿತ್ರೆಯೆಂಬುದು ಬಹುಮಟ್ಟಿಗೆ ಆ ಹಿಂದಣ ಪೆಟ್ಟಿಗೆಯ, ಎಂದರೆ ಡಿಕ್ಕಿಯ, ಚರಿತ್ರೆಯೇ ಆಗಿದೆ.

ಕಮಾನುಗಾಡಿಯ ಧರ್ಮವನ್ನು ಮೋಟಾರಿನಲ್ಲಿ ಉಳಿಸಿಕೊಂಡ ರೂಪವೊಂದು ಅಮೆರಿಕದಲ್ಲಿ ರೈಲು ನಿಲ್ದಾಣದ ಅಂಗಳದಲ್ಲಿ ಹುಟ್ಟಿತು. ಬಂದಿಳಿದ ಪ್ರಯಾಣಿಕರನ್ನೂ ಅವರ ಪೆಟ್ಟಿಗೆಗಳನ್ನೂ ಹೋಟೆಲಿಗೆ ಮುಟ್ಟಿಸುವುದಕ್ಕಾಗಿ ಬಡಗಿಗಳು ಕಾರಿನ ಚೌಕಟ್ಟಿನ ಮೇಲೆ ಮರದ ಒಡಲನ್ನು ಕಟ್ಟಿಕೊಟ್ಟರು. ಸ್ಟೇಷನ್ ವ್ಯಾಗನ್ ಎಂಬ ಹೆಸರು ಅದಕ್ಕೆ ನಿಂತಿತು. ಎರಡನೆಯ ಮಹಾಯುದ್ಧವು ಮುಗಿದ ಕೆಲವೇ ವರ್ಷಗಳಲ್ಲಿ ಮರವು ಉಕ್ಕಿಗೆ ಎಡೆಗೊಟ್ಟಿತು, ನಗರದ ಹೊರವಲಯಗಳಲ್ಲಿ ಮನೆ ಮಾಡಿದ ಸಂಸಾರಗಳಿಗೆ ಅದೇ ಆಪ್ತವಾಹನವಾಯಿತು. ಮುಂದೆ 1975ರ ಇಂಧನ ಮಿತವ್ಯಯದ ಶಾಸನವು ಕಾರುಗಳನ್ನು ಬಿಗಿಹಿಡಿದು, ಲಘು ಟ್ರಕ್ಕುಗಳ ವರ್ಗಕ್ಕೆ ಸಡಿಲು ಬಿಟ್ಟಿತು. ಆ ಸಡಿಲಿನ ವರ್ಗದಲ್ಲಿಯೇ 1983ರ ಕೊನೆಗೆ ಕ್ರೈಸ್ಲರ್ ಸಂಸ್ಥೆಯ ಮಿನಿವ್ಯಾನ್ ಬಂದಿತು. ಅದರ ಹಿಂದೆಯೇ ಎತ್ತರದ ಎಸ್‌ಯುವಿಗಳೂ, 1994ರ ಟೊಯೋಟಾ ರಾವ್4ನಂತೆ ಕಾರಿನ ತಳಹದಿಯ ಮೇಲೆ ಎಸ್‌ಯುವಿಯ ವೇಷ ಧರಿಸಿದ ಕ್ರಾಸ್‌ಓವರ್‌ಗಳೂ ಬಂದವು. ಅಲ್ಲಿ ವ್ಯಾಗನ್ನು ಬಾಳಿ ಬದುಕಿ ಮುಪ್ಪಿನಲ್ಲಿ ಹಿಂದೆ ಸರಿಯಿತು. ನಮ್ಮಲ್ಲಾದರೋ ಅದು ಕಾಲೂರಲೇ ಇಲ್ಲ.

ಮೋಟಾರು ಕಾರ್ಖಾನೆಯೊಂದು ಈ ದೇಶದಲ್ಲಿ ಆಗಲೇಬೇಕೆಂದು 1930ರ ದಶಕದಲ್ಲಿ ಯೋಜನೆಯನ್ನು ಸಿದ್ಧಪಡಿಸಿ, ಅದಕ್ಕಾಗಿ ವಿದೇಶಗಳನ್ನು ಸುತ್ತಿಬಂದವರು ನಮ್ಮ ವಿಶ್ವೇಶ್ವರಯ್ಯನವರು. ಅದು ಅವರೆಣಿಸಿದಂತೆ ಕೈಗೂಡಲಿಲ್ಲ. 1942ರಲ್ಲಿ ಬಿರ್ಲಾ ಮನೆತನದ ಹಿಂದೂಸ್ಥಾನ್ ಮೋಟರ್ಸ್, 1944ರಲ್ಲಿ ವಾಲ್‌ಚಂದ್ ಹೀರಾಚಂದರ ಪ್ರೀಮಿಯರ್ ಆಟೋಮೊಬೈಲ್ಸ್ ತಲೆಯೆತ್ತಿದವು. ಮುಂದೆ ಅಂಬಾಸಿಡರ್, ಫಿಯಟ್, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಮೂರರೊಳಗೆ ದೇಶದ ಸಂಸಾರಗಳೆಲ್ಲ ತೃಪ್ತಿಪಡಬೇಕಾಯಿತು. ಹಣ ಕಟ್ಟಿ ವರ್ಷಗಟ್ಟಲೆ ಸರದಿ ಕಾಯುವವನಿಗೆ ಆಯ್ಕೆಯ ಮಾತೆಲ್ಲಿಯದು?

ಅವುಗಳಲ್ಲಿ 1957ರ ಅಂಬಾಸಿಡರ್ ಕಮಾನುಗಾಡಿಯ ಸ್ಥಾನವನ್ನು ಹೆಚ್ಚುಕಡಮೆ ತುಂಬಿದುದಕ್ಕೆ ಕಾರಣ ಅದರ ಒಳಗಣ ರಚನೆ. ಗೇರಿನ ಕೋಲು ಸ್ಟೀರಿಂಗಿನ ಕಂಬಕ್ಕೆ ಅಂಟಿಕೊಂಡಿದ್ದುದರಿಂದ ಮುಂದಣ ಆಸನವು ಇಡಿಯ ಬೆಂಚಿನಂತಿದ್ದು, ಚಾಲಕನ ಪಕ್ಕದಲ್ಲಿ ಇಬ್ಬರು ದೊಡ್ಡವರೂ ಅವರ ತೊಡೆಯ ಮೇಲೊಂದು ಮಗುವೂ ಕುಳಿತುಕೊಳ್ಳುವುದು ಸಾಧ್ಯವಾಗಿತ್ತು; ಹಿಂದೆ ನಾಲ್ವರು, ಅವರ ಕಾಲಸಂದಿಯಲ್ಲಿ ನೀರಿನ ಕೂಜೆ, ಡಿಕ್ಕಿಯಲ್ಲಿ ಪಾತ್ರೆಯ ಚೀಲ, ನೆತ್ತಿಯ ಕ್ಯಾರಿಯರಿನ ಮೇಲೆ ಹಗ್ಗ ಬಿಗಿದ ಹೋಲ್ಡಾಲು. ಇಷ್ಟನ್ನೂ ಹೊತ್ತು ಆಗುಂಬೆಯನ್ನೋ ಚಾರ್ಮಾಡಿಯನ್ನೋ ಏರುವಾಗ ಎಂಜಿನ್ನು ಕುದಿದು ನಿಲ್ಲುವುದು, ಚಾಲಕನು ಒದ್ದೆಬಟ್ಟೆಯನ್ನು ಕೈಗೆ ಸುತ್ತಿ ರೇಡಿಯೇಟರಿನ ಮುಚ್ಚಳವನ್ನು ಮೆಲ್ಲನೆ ತಿರುಗಿಸಿ ಹಿಂದಕ್ಕೆ ಹಾರಿಕೊಳ್ಳುವುದು, ಆವಿಯಡಗುವವರೆಗೆ ಮಕ್ಕಳು ರಸ್ತೆಯಂಚಿನಲ್ಲಿ ಮಂಗಗಳಿಗೆ ಕಡಲೆ ಎಸೆಯುವುದು ಯಾತ್ರಾವಿಧಿಯ ಅಂಗಗಳೇ ಆಗಿದ್ದವು.

ಇನ್ನು ವ್ಯಾಗನ್ನಿನ ಮಾತು. ಹೆರಾಲ್ಡಿನ ಬೆನ್ನನ್ನು ಉದ್ದಮಾಡಿ ‘ಕಂಪ್ಯಾನಿಯನ್’ ಎಂಬುದೊಂದನ್ನು ಮದರಾಸಿನವರು ಮಾಡಿದ್ದರು. 1992ರಲ್ಲಿ ಟಾಟಾ ಸಂಸ್ಥೆ ‘ಎಸ್ಟೇಟ್’ ಎಂಬುದನ್ನು ಭಾರಿ ನಿರೀಕ್ಷೆಯಿಂದ ಹೊರತಂದಿತು. ನಮ್ಮ ಬೆಂಗಳೂರಿನ ಸಿಪಾನಿ ಸಂಸ್ಥೆಯೂ ಬ್ರಿಟನ್ನಿನ ರೋವರ್ ಮಾಂಟೆಗೋವನ್ನು ಭಾಗಗಳಾಗಿ ತರಿಸಿ ಜೋಡಿಸಿ, ಉದ್ದಬೆನ್ನಿನ ರೂಪದಲ್ಲಿಯೂ ಮಾರಲು ಹೊರಟಿತು. ಅನಂತರ ಮಾರುತಿಯ ಬಲೆನೋ ಆಲ್ಟುರಾ, ಟಾಟಾದ ಇಂಡಿಗೋ ಮರೀನಾ. ಒಂದೂ ನಿಲ್ಲಲಿಲ್ಲ. ಬೆಲೆ ಹೆಚ್ಚೆಂಬುದು ಒಂದು ಕಾರಣ. ಆದರೆ ಅದಕ್ಕಿಂತ ಆಳವಾದ ಕಾರಣ ನಮ್ಮ ಮಧ್ಯಮವರ್ಗದ ಮನೋಧರ್ಮದಲ್ಲಿತ್ತೆಂದು ನನ್ನ ತಿಳಿವಳಿಕೆ. ಉದ್ದಬೆನ್ನಿನ ಬಿಳಿಯ ಗಾಡಿಯನ್ನು ನಮ್ಮ ಜನ ಕಂಡಿದ್ದುದು ಆಸ್ಪತ್ರೆಯ ಬಾಗಿಲಲ್ಲಿ. ಅಂಥದನ್ನು ಮನೆಯ ಮುಂದೆ ತಂದು ನಿಲ್ಲಿಸಿ, ಚಕ್ರಕ್ಕೆ ನಿಂಬೆಹಣ್ಣಿಟ್ಟು, ಕುಂಬಳಕಾಯಿ ಒಡೆಯಲು ಯಾವ ಗೃಹಿಣಿಯ ಮನಸ್ಸು ಒಡಂಬಟ್ಟೀತು? ಬೆನ್ನ ಹಿಂದೆ ಪ್ರತ್ಯೇಕವಾದ ಡಿಕ್ಕಿಯುಳ್ಳದ್ದೇ ಕಾರು, ಉಳಿದವೆಲ್ಲ ಬಾಡಿಗೆಯ ವ್ಯಾನುಗಳೆಂಬ ಭಾವನೆ ಬೇರುಬಿಟ್ಟಿದ್ದಿತು. ಉಪಯುಕ್ತತೆಯಲ್ಲಿ ಸರ್ವಶ್ರೇಷ್ಠವಾದುದು ಪ್ರತಿಷ್ಠೆಯ ಮುಂದೆ ಸೋತುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾನು ಕಾಣೆ.

ಆದರೆ ಸಂಸಾರಗಳು ದೊಡ್ಡವಾಗಿಯೇ ಇದ್ದವು, ಯಾತ್ರೆಗಳೂ ನಿಲ್ಲಲಿಲ್ಲ. ಮದುವೆಯ ದಿಬ್ಬಣಕ್ಕೆ ಮಟಡೋರ್ ವ್ಯಾನಿತ್ತು. 1984ರಲ್ಲಿ ಬಂದ ಮಾರುತಿ ವ್ಯಾನು, 796 ಸಿ.ಸಿ.ಯ ಪುಟ್ಟ ಎಂಜಿನ್ನನ್ನು ಮುಂದಣ ಆಸನದ ಕೆಳಗೆ ಅಡಗಿಸಿಕೊಂಡು, ಪಕ್ಕಕ್ಕೆ ಜಾರುವ ಬಾಗಿಲಿನ ಸೌಕರ್ಯದಿಂದ ಅಂಗಡಿಯ ಸರಕನ್ನು ವಾರವೆಲ್ಲ ಹೊತ್ತು ಭಾನುವಾರ ಸಂಸಾರವನ್ನು ಹೊತ್ತಿತು. ಮೂತಿಯೇ ಇಲ್ಲದ ಅದರ ಮುಂಭಾಗದಲ್ಲಿ ಕುಳಿತವರ ಮೊಣಕಾಲಿಗೂ ಎದುರಿನ ಲಾರಿಗೂ ನಡುವೆ ತಗಡಿನ ಹಾಳೆಯ ಹೊರತು ಬೇರೇನೂ ಇರಲಿಲ್ಲವೆಂಬುದನ್ನು ಆಗ ಯಾರೂ ಎಣಿಸಲಿಲ್ಲ. 1994ರಲ್ಲಿ ಟಾಟಾ ಸುಮೋ ಬಂದಿತು. ಟಾಟಾದ ಮೋಟಾರು ಸಂಸ್ಥೆಯನ್ನು ಮುನ್ನಡೆಸಿದ್ದ ಸುಮಂತ್ ಮೂಳಗಾಂವಕರರ ಹೆಸರಿನ ಮೊದಲಕ್ಷರಗಳನ್ನು ಹೊತ್ತ ಆ ಪೆಟ್ಟಿಗೆಯಂಥ ವಾಹನವು ಹತ್ತು ಜನಕ್ಕೆ ಎಡೆಕೊಟ್ಟು, ಎಂಥ ಹಳ್ಳಿಯ ಹಾದಿಗೂ ಹಿಂಜರಿಯದೆ, ಟ್ಯಾಕ್ಸಿಯವರ ಪ್ರೀತಿಪಾತ್ರವಾಯಿತು.

ಅನಂತರದ ಅಧ್ಯಾಯ ನಮ್ಮ ನೆಲದ್ದೇ. ಮೈಸೂರು ರಸ್ತೆಯ ಬಿಡದಿಯೆಂದರೆ ತಟ್ಟೆ ಇಡ್ಲಿಯೊಂದೇ ನೆನಪಿಗೆ ಬರುತ್ತಿದ್ದ ಕಾಲದಲ್ಲಿ, ಜಪಾನಿನ ಟೊಯೋಟಾ ಕಿರ್ಲೋಸ್ಕರರೊಡನೆ ಸೇರಿ 1997ರಲ್ಲಿ ಸ್ಥಾಪಿಸಿದ ಸಂಸ್ಥೆಯು ಅಲ್ಲಿ ಕಾರ್ಖಾನೆಯನ್ನು ಕಟ್ಟಿ, 2000ದ ಜನವರಿಯಲ್ಲಿ ಕ್ವಾಲಿಸನ್ನು ಮಾರುಕಟ್ಟೆಗೆ ಬಿಟ್ಟಿತು. ಇಂಡೋನೇಷ್ಯಾದಲ್ಲಿ 1977ರಿಂದಲೂ ಮಾಡುತ್ತಿದ್ದ ಕಿಜಾಂಗ್ ಎಂಬ ವಾಹನದ ವಂಶದ್ದದು. ಅದರ ಹಳೆಯ ಕಾಲದ ಮುಖವನ್ನು ಕಂಡು ಪತ್ರಿಕೆಗಳ ಪಂಡಿತರು ಮೂಗು ಮುರಿದರು. ಸಂಸಾರಸ್ಥರು ಮುಖವನ್ನು ನೋಡಲಿಲ್ಲ. ಬಾಗಿಲು ತೆಗೆದು ಒಳಹೊಕ್ಕು ಕುಳಿತು ನೋಡಿದರು. ಸೀರೆಯುಟ್ಟ ಹೆಂಗಸರು ಕಷ್ಟವಿಲ್ಲದೆ ಹತ್ತಿ ಇಳಿಯುವಂತಿತ್ತು, ತಲೆಯ ಮೇಲೆ ಧಾರಾಳ ಅವಕಾಶವಿತ್ತು, ಧರ್ಮಸ್ಥಳ ಸುಬ್ರಹ್ಮಣ್ಯ ಹೊರನಾಡು ಶೃಂಗೇರಿಗಳನ್ನು ಒಂದೇ ಸುತ್ತಿನಲ್ಲಿ ಮುಗಿಸಿ ಬಂದರೂ ಎಂಜಿನ್ನು ಗೊಣಗುತ್ತಿರಲಿಲ್ಲ. ಹಗಲು ದೇವಸ್ಥಾನ ಸುತ್ತಿದ ಆ ಜಾತಿಯ ವಾಹನವೇ ರಾತ್ರಿ ಬೆಂಗಳೂರಿನ ಕಾಲ್‌ಸೆಂಟರಿನ ಹುಡುಗ ಹುಡುಗಿಯರನ್ನು ಮನೆಮನೆಯಿಂದ ಹೆಕ್ಕಿಕೊಂಡು ಹೋಗುತ್ತಿತ್ತು. ಬೇಡಿಕೆಯಿನ್ನೂ ಇರುವಾಗಲೇ, 2005ರಲ್ಲಿ, ಸಂಸ್ಥೆಯು ಅದನ್ನು ನಿಲ್ಲಿಸಿ ಇನ್ನೋವಾವನ್ನು ತಂದಿತು. ಮೂರು ಸಾಲಿನ ವಾಹನವು ಮಾಲೀಕನ ಮರ್ಯಾದೆಗೆ ಕುಂದಲ್ಲವೆಂಬುದನ್ನು ಈ ದೇಶದ ಸಿರಿವಂತರಿಗೆ ಒಪ್ಪಿಸಿದ ಕೀರ್ತಿ ಅದರದು.

ಕ್ರಾಸ್‌ಓವರಿನ ಉದಯಕ್ಕೆ ಇಲ್ಲಿ ಶಿಲ್ಪಿಗಳಿಗಿಂತ ಹೆಚ್ಚಾಗಿ ಅರ್ಥಸಚಿವರೇ ಕಾರಣರೆಂದರೆ ಅತಿಶಯೋಕ್ತಿಯಾಗಲಾರದು. 2006ರ ಆಯವ್ಯಯದಲ್ಲಿ, ನಾಲ್ಕು ಮೀಟರಿನೊಳಗಣ ಉದ್ದವೂ ಚಿಕ್ಕ ಎಂಜಿನ್ನೂ ಉಳ್ಳ ಕಾರುಗಳ ಅಬಕಾರಿ ಸುಂಕವನ್ನು ಶೇಕಡ 24ರಿಂದ 16ಕ್ಕೆ ಇಳಿಸಲಾಯಿತು. ಒಡನೆಯೇ ಎಲ್ಲರ ಕೈಯಲ್ಲಿಯೂ ಅಳತೆಪಟ್ಟಿ ಬಂದಿತು. 2008ರಲ್ಲಿ ಟಾಟಾದವರು ಇಂಡಿಗೋವಿನ ಡಿಕ್ಕಿಯನ್ನೇ ಮೋಟುಮಾಡಿ ಮಿತಿಯೊಳಗೆ ತಂದರು. ತಲೆಮಾರುಗಳ ಪ್ರತಿಷ್ಠೆಯ ಚಿಹ್ನೆಯಾಗಿದ್ದುದು ಸುಂಕದ ಕತ್ತರಿಗೆ ಸಿಕ್ಕಿತು. ಬಳಿಕ ಡಿಕ್ಕಿಯ ಹಂಗೇ ಇಲ್ಲದ, ಎತ್ತರದಿಂದ ಗಾಂಭೀರ್ಯವನ್ನು ಸಂಪಾದಿಸುವ ಪುಟ್ಟ ವಾಹನಗಳು ಒಂದರ ಹಿಂದೊಂದು ಬಂದವು: 2013ರಲ್ಲಿ ಫೋರ್ಡ್ ಇಕೋಸ್ಪೋರ್ಟ್, 2016ರಲ್ಲಿ 3,995 ಮಿಲಿಮೀಟರ್ ಉದ್ದದ ಮಾರುತಿ ಬ್ರೆಝಾ. ದೊಡ್ಡ ಎಸ್‌ಯುವಿಗಳ ಮೇಲಣ ಸುಂಕ 2013ರಲ್ಲಿ ಶೇಕಡ 27ರಿಂದ 30ಕ್ಕೆ ಏರಿದಾಗ ನೆಲದಿಂದ ತಳಕ್ಕೆ 170 ಮಿಲಿಮೀಟರ್ ಅಂತರವೂ ಒಂದು ಲಕ್ಷಣವೆನಿಸಿತು. ಒಡನೆ ತಳವನ್ನು ತಗ್ಗಿಸಿ ಸುಂಕವನ್ನು ತಪ್ಪಿಸಿಕೊಂಡವರೂ ಉಂಟು.

ಉಬ್ಬು ತಗ್ಗುಗಳ ನಮ್ಮ ರಸ್ತೆಗಳಲ್ಲಿ ಎತ್ತರದ ವಾಹನಕ್ಕೆ ಸಮರ್ಥನೆಯಿಲ್ಲವೆಂದು ನಾನು ಹೇಳುವುದಿಲ್ಲ. ಮಂಡಿನೋವಿನ ಹಿರಿಯರಿಗೆ ತಗ್ಗಾದ ಕಾರಿನಿಂದೇಳುವುದಕ್ಕಿಂತ ಕುರ್ಚಿಯಷ್ಟು ಎತ್ತರದ ಆಸನದಿಂದ ಇಳಿಯುವುದು ಲೇಸು. ಆದರೆ 2022ರಲ್ಲಿ ಬಿಡದಿಯಿಂದ ಹೊರಬಂದ ಹೊಸ ಇನ್ನೋವಾ ಕೂಡ ಎಸ್‌ಯುವಿಯ ಹುಬ್ಬು ಮೀಸೆಗಳನ್ನು ತೀಡಿಕೊಂಡೇ ಬರಬೇಕಾಯಿತೆಂಬುದು ಕಾಲದ ರುಚಿಯನ್ನು ತೋರಿಸುತ್ತದೆ. ಅಣ್ಣತಮ್ಮಂದಿರು ಬೇರೆಯಾಗಿ ಮನೆಗಳು ನಾಲ್ವರಿಗೆ ಇಳಿದಿರುವಾಗ ವಾಹನಗಳು ಎತ್ತರಕ್ಕೆ ಬೆಳೆಯುತ್ತಿರುವುದೂ ವಿಚಿತ್ರವೇ.

ಕೊಳ್ಳಹೊರಟವರಿಗೆ ಒಂದು ಮಾತು. ಏಳು ಜನ ಕೂರುವರೆಂದು ಹೇಳುವ ಚಿಕ್ಕ ವಾಹನಗಳಲ್ಲಿ ಮೂರನೆಯ ಸಾಲನ್ನು ಎತ್ತಿ ನಿಲ್ಲಿಸಿದರೆ, ಅದರ ಹಿಂದೆ ಒಂದೆರಡು ಕೈಚೀಲಗಳಿಗೆ ಮಿಗಿಲಾಗಿ ಏನೂ ಹಿಡಿಯದು. ಆದುದರಿಂದ ಷೋರೂಮಿಗೆ ಒಬ್ಬರೇ ಹೋಗಬೇಡಿ. ಹಿಂದಣ ಸಾಲಿನಲ್ಲಿ ಕೂರಬೇಕಾದವರನ್ನು ಕರೆದುಕೊಂಡು, ಮನೆಯ ಅತಿ ದೊಡ್ಡ ಪೆಟ್ಟಿಗೆಯನ್ನು ಎತ್ತಿಕೊಂಡು ಹೋಗಿ, ಎಲ್ಲರನ್ನೂ ಎಲ್ಲವನ್ನೂ ಒಳಗೆ ಕೂರಿಸಿ ನೋಡಿದ ಮೇಲೆಯೇ ಮುಂಗಡ ಕೊಡಿ.