ರಾಕ್ ಆಲ್ಬಂಗಳಲ್ಲಿ ಸಾವಿನ ದುಃಖ

ರಾಕ್ ಸಂಗೀತಕ್ಕೆ ಸಾವು ಹೊಸ ವಸ್ತುವಲ್ಲ. 1960ರ ಆಸುಪಾಸಿನ ಅಮೆರಿಕದಲ್ಲಿ ಅಪಘಾತಕ್ಕೆ ಬಲಿಯಾದ ಹದಿಹರೆಯದ ಪ್ರೇಮಿಗಳ ಹಾಡುಗಳಿಗೆ ಒಳ್ಳೆಯ ಗಿರಾಕಿಯಿತ್ತು. ಆದರೆ ಅವು ಕಟ್ಟುಕಥೆಗಳು. ಸ್ವಂತ ದುಃಖದ ಮೇಲೆ ಇಡೀ ಆಲ್ಬಂ ಕಟ್ಟುವ ರೂಢಿ ಬೆಳೆದದ್ದು ಆ ದಶಕ ಮುಗಿದ ಮೇಲೆ. ಅಷ್ಟರಲ್ಲಿ ಎಲ್‌ಪಿ ಎಂದರೆ ಬಿಡಿ ಹಾಡುಗಳ ಗಂಟಲ್ಲ, ಇಡಿಯಾದ ಒಂದು ಕೃತಿ ಎಂಬ ಭಾವನೆ ನೆಲೆಯೂರಿತ್ತು. ಹೀಗೆ ಬಂದ ಆಲ್ಬಂಗಳಲ್ಲಿ ದುಃಖದ ಗುರುತು ಸಾಹಿತ್ಯಕ್ಕಿಂತ ಹೆಚ್ಚಾಗಿ ಧ್ವನಿಮುದ್ರಣದ ರೀತಿಯಲ್ಲೇ ಸಿಗುತ್ತದೆ.

ಜಾನ್ ಲೆನನ್ 1970ರ ಡಿಸೆಂಬರಿನಲ್ಲಿ ಹೊರತಂದ 'ಪ್ಲಾಸ್ಟಿಕ್ ಓನೊ ಬ್ಯಾಂಡ್' ಈ ಬಗೆಯ ಮೊದಲ ದೊಡ್ಡ ಉದಾಹರಣೆ. ಲೆನನ್‌ಗೆ ಹದಿನೇಳು ವರ್ಷವಾಗಿದ್ದಾಗ, 1958ರಲ್ಲಿ, ತಾಯಿ ಜೂಲಿಯಾ ಕಾರು ಬಡಿದು ತೀರಿಕೊಂಡಿದ್ದರು. ಆರ್ಥರ್ ಜಾನೊವ್ ಅವರ ಮನೋಚಿಕಿತ್ಸೆಯಲ್ಲಿ ಬಾಲ್ಯದ ಆ ನೋವನ್ನು ಕೂಗಿ ಹೊರಹಾಕಲು ಕಲಿತ ಲೆನನ್, ಅದೇ ಕೂಗನ್ನು ಹಾಡಿಗೆ ತಂದರು. ಬೀಟಲ್ಸ್ ಕಾಲದ ವಾದ್ಯವೈಭವ ಇಲ್ಲಿಲ್ಲ. ಬಹುತೇಕ ಪಿಯಾನೊ ಅಥವಾ ಗಿಟಾರ್, ಬಾಸ್, ಡ್ರಮ್ಸ್ ಮಾತ್ರ.

ನೀಲ್ ಯಂಗ್ ಇನ್ನೂ ಮುಂದೆ ಹೋದರು. ಅವರ ಜೊತೆಗಾರ ತಂಡ ಕ್ರೇಜಿ ಹಾರ್ಸ್‌ನ ಗಿಟಾರ್ ವಾದಕ ಡ್ಯಾನಿ ವಿಟನ್ 1972ರ ನವೆಂಬರಿನಲ್ಲಿ ತೀರಿಕೊಂಡರು. ಮಾದಕ ವ್ಯಸನದಿಂದ ನುಡಿಸಲಾಗದ ಸ್ಥಿತಿಯಲ್ಲಿದ್ದ ಅವರನ್ನು ಯಂಗ್ ತಾಲೀಮಿನಿಂದ ಮನೆಗೆ ಕಳುಹಿಸಿದ್ದ ದಿನದ ರಾತ್ರಿಯೇ ಆ ಸಾವು ಸಂಭವಿಸಿತ್ತು. ಮರುವರ್ಷ ವಾದ್ಯಪರಿಕರಗಳ ಸಹಾಯಕ ಬ್ರೂಸ್ ಬೆರಿ ಹೆರಾಯಿನ್‌ಗೆ ಬಲಿಯಾದರು. 1973ರ ಆಗಸ್ಟ್‌–ಸೆಪ್ಟೆಂಬರಿನಲ್ಲಿ ಹಾಲಿವುಡ್‌ನ ತಾಲೀಮು ಕೋಣೆಯೊಂದರಲ್ಲಿ, ಕುಡಿತದ ನಡುವೆ, ರಾತ್ರಿಯಿಡೀ ನುಡಿಸುತ್ತ 'ಟುನೈಟ್ಸ್ ದಿ ನೈಟ್' ಆಲ್ಬಮ್ಮಿನ ಹೆಚ್ಚಿನ ಭಾಗ ಸಿದ್ಧವಾಯಿತು. ಒಡೆದ ದನಿ, ತಪ್ಪಿದ ಶ್ರುತಿ, ಮೈಕಿನಿಂದ ದೂರ ಸರಿದ ಗಾಯಕ, ಯಾವುದನ್ನೂ ತಿದ್ದಲಿಲ್ಲ. ಶೀರ್ಷಿಕೆಗೀತೆ ಆಲ್ಬಮ್ಮಿನ ಮೊದಲೂ ಕೊನೆಯೂ ಬರುತ್ತದೆ. ನಡುವೆ 1970ರ ಕಛೇರಿಯ ಮುದ್ರಣವೊಂದರಲ್ಲಿ ವಿಟನ್ ತಾವೇ ಹಾಡುತ್ತಾರೆ. ಸತ್ತವನ ಹುರುಪಿನ ದನಿ ಉಳಿದವರ ದಣಿದ ದನಿಗಳ ಪಕ್ಕದಲ್ಲಿ ಕೇಳಿಸುವುದೇ ಈ ಆಲ್ಬಮ್ಮಿನ ತೀಕ್ಷ್ಣ ಗಳಿಗೆ. ಇದು ಬಿಡುಗಡೆಯಾಗಲು 1975ರವರೆಗೆ ಕಾಯಬೇಕಾಯಿತು.

ಬದುಕಿರುವವರನ್ನು ಕಳೆದುಕೊಳ್ಳುವುದೂ ಉಂಟು. ಪಿಂಕ್ ಫ್ಲಾಯ್ಡ್ ತಂಡದ 'ವಿಶ್ ಯು ವರ್ ಹಿಯರ್' (1975) ಮಾನಸಿಕ ಅಸ್ವಸ್ಥತೆಯಿಂದಾಗಿ 1968ರಲ್ಲಿ ತಂಡದಿಂದ ಹೊರಬಿದ್ದ ಸಿಡ್ ಬ್ಯಾರೆಟ್ ಅವರ ಅಭಾವದ ಸುತ್ತ ಹೆಣೆದದ್ದು. ಮುದ್ರಣ ನಡೆಯುತ್ತಿದ್ದಾಗ ಬ್ಯಾರೆಟ್ ಸ್ಟುಡಿಯೊಗೆ ಬಂದರೂ ತಲೆ, ಹುಬ್ಬು ಬೋಳಿಸಿಕೊಂಡಿದ್ದ ಅವರನ್ನು ಹಳೆಯ ಗೆಳೆಯರು ಮೊದಲಿಗೆ ಗುರುತಿಸಲಿಲ್ಲ.

1980ರಲ್ಲಿ ಪ್ರಶ್ನೆ ಬೇರೆಯಾಯಿತು: ಗಾಯಕನೇ ಸತ್ತರೆ ತಂಡ ಏನು ಮಾಡಬೇಕು? ಜಾಯ್ ಡಿವಿಷನ್‌ನ ಇಯಾನ್ ಕರ್ಟಿಸ್ ಮೇ ತಿಂಗಳಲ್ಲಿ ತೀರಿಕೊಂಡಾಗ ಉಳಿದವರು ಹೆಸರು ಬದಲಿಸಿ ನ್ಯೂ ಆರ್ಡರ್ ಆದರು. ಎಸಿ/ಡಿಸಿ ಹೆಸರನ್ನು ಉಳಿಸಿಕೊಂಡಿತು. ಫೆಬ್ರುವರಿಯಲ್ಲಿ ಬಾನ್ ಸ್ಕಾಟ್ ಸತ್ತು ಐದೇ ತಿಂಗಳಿಗೆ ಹೊಸ ಗಾಯಕ ಬ್ರಯಾನ್ ಜಾನ್ಸನ್ ಅವರೊಂದಿಗೆ 'ಬ್ಯಾಕ್ ಇನ್ ಬ್ಲ್ಯಾಕ್' ಬಂತು. ಸೂತಕದ ಕಪ್ಪು ಹೊದಿಕೆ, ಆರಂಭದಲ್ಲಿ ಚರ್ಚಿನ ಸಾವಿನ ಗಂಟೆಯಂಥ ನಾದ. ಆಮೇಲೆ ಅಳುವಿಲ್ಲ, ಅಬ್ಬರವೇ ಎಲ್ಲ. ಇದನ್ನು ಶೋಕದ ಆಲ್ಬಂ ಎನ್ನಲು ಹಿಂಜರಿಯುವವರಿದ್ದಾರೆ. ಸತ್ತ ಗೆಳೆಯ ಮೆಚ್ಚುತ್ತಿದ್ದ ರೀತಿಯಲ್ಲೇ ನುಡಿಸುವುದೂ ಶೋಕಾಚರಣೆಯೇ ಅಲ್ಲವೆ? ಸುಮಾರು 5 ಕೋಟಿ ಪ್ರತಿಗಳು ಮಾರಾಟವಾಗಿವೆ ಎಂಬ ಅಂದಾಜಿದೆ.

ತೊಂಬತ್ತರ ದಶಕದಲ್ಲಿ ದುಃಖ ದಿನಚರಿಯ ರೂಪಕ್ಕೆ ತಿರುಗಿತು. ಈಲ್ಸ್ ತಂಡದ ಮಾರ್ಕ್ ಆಲಿವರ್ ಎವರೆಟ್, ಅಕ್ಕನ ಆತ್ಮಹತ್ಯೆ ಮತ್ತು ತಾಯಿಯ ಕ್ಯಾನ್ಸರ್ ಕುರಿತು 1998ರಲ್ಲಿ 'ಎಲೆಕ್ಟ್ರೊ-ಶಾಕ್ ಬ್ಲೂಸ್' ತಂದರು. ಮಾಂಟ್ರಿಯಲ್‌ನ ಆರ್ಕೇಡ್ ಫೈರ್ ಇದಕ್ಕೆ ವಿರುದ್ಧ ದಿಕ್ಕಿನದು. ಸದಸ್ಯರ ಕುಟುಂಬಗಳಲ್ಲಿ ಒಂದರ ಹಿಂದೊಂದು ಸಾವುಗಳಾದ್ದರಿಂದ ತಮ್ಮ ಮೊದಲ ಆಲ್ಬಮ್ಮಿಗೆ 'ಫ್ಯೂನರಲ್' (2004) ಎಂದೇ ಹೆಸರಿಟ್ಟ ಆ ತಂಡದ ಹಾಡುಗಳಲ್ಲಿ ಒಂಟಿ ದನಿಗಿಂತ ಎಲ್ಲರೂ ಸೇರಿ ಕೂಗುವ ಪಲ್ಲವಿಗಳೇ ಎದ್ದು ಕೇಳುತ್ತವೆ.

ನಿಕ್ ಕೇವ್ ಅಂಡ್ ದಿ ಬ್ಯಾಡ್ ಸೀಡ್ಸ್ ತಂಡದ ಎರಡು ಆಲ್ಬಂಗಳು ಕೇಳುಗರಿಗೆ ಎಚ್ಚರಿಕೆಯ ಪಾಠ. ಕೇವ್ ಅವರ ಹದಿನೈದು ವರ್ಷದ ಮಗ ಆರ್ಥರ್ 2015ರ ಜುಲೈಯಲ್ಲಿ ಬ್ರೈಟನ್ ಬಳಿಯ ಕಡಿಬಂಡೆಯಿಂದ ಬಿದ್ದು ಸತ್ತ. ಮರುವರ್ಷ ಬಂದ 'ಸ್ಕೆಲಿಟನ್ ಟ್ರೀ'ಯ ಪ್ರತಿ ಸಾಲಿನಲ್ಲೂ ಜನ ಆ ಸಾವನ್ನು ಹುಡುಕಿದರು. ಆದರೆ ಹೆಚ್ಚಿನ ಹಾಡುಗಳು ಅದಕ್ಕೆ ಮುಂಚೆಯೇ ಬರೆದವು. ಸಾವು ಬದಲಿಸಿದ್ದು ಅವುಗಳನ್ನು ಹಾಡಿ ಮುಗಿಸಿದ ಬಗೆಯನ್ನು, ಕೇಳುವ ಕಿವಿಯನ್ನು. ಪತ್ರಿಕೆಗಳಿಗೆ ಸಂದರ್ಶನ ಕೊಡುವ ಸಂಕಟ ತಪ್ಪಿಸಿಕೊಳ್ಳಲು ಕೇವ್ ಆ್ಯಂಡ್ರ್ಯೂ ಡೊಮಿನಿಕ್ ಅವರಿಂದ ಸಾಕ್ಷ್ಯಚಿತ್ರವನ್ನೇ ಮಾಡಿಸಿದರು. ಮಗನ ಸಾವಿನ ನಂತರ ಬರೆದದ್ದು 'ಘೋಸ್ಟೀನ್' (2019): ಡ್ರಮ್ಸ್ ಬಹುಮಟ್ಟಿಗೆ ಮರೆಯಾಗಿ, ಸಿಂಥಸೈಜರ್‌ನ ಅಲೆಗಳ ಮೇಲೆ ದನಿ ತೇಲುತ್ತದೆ. ಡೆಪೆಷ್ ಮೋಡ್‌ನ 'ಮೆಮೆಂಟೊ ಮೋರಿ' (2023) ಕೂಡ 'ಸ್ಕೆಲಿಟನ್ ಟ್ರೀ'ಯಂಥದ್ದೇ. ತಂಡದ ಸದಸ್ಯ ಆ್ಯಂಡಿ ಫ್ಲೆಚರ್ ತೀರಿಕೊಳ್ಳುವ ಮೊದಲೇ ಅದರ ಅನೇಕ ಹಾಡುಗಳು ಹುಟ್ಟಿದ್ದವು.

ಅದೇ ವರ್ಷ ಫೂ ಫೈಟರ್ಸ್ 'ಬಟ್ ಹಿಯರ್ ವಿ ಆರ್' ಹೊರತಂದಿತು. 2022ರ ಮಾರ್ಚಿನಲ್ಲಿ ಡ್ರಮ್ಸ್ ವಾದಕ ಟೇಲರ್ ಹಾಕಿನ್ಸ್, ಕೆಲವು ತಿಂಗಳ ಬಳಿಕ ತಂಡದ ಗಾಯಕ ಡೇವ್ ಗ್ರೋಲ್ ಅವರ ತಾಯಿ ವರ್ಜೀನಿಯಾ ತೀರಿಕೊಂಡಿದ್ದರು. ಶಾಲಾ ಶಿಕ್ಷಕಿಯಾಗಿದ್ದ ತಾಯಿಗೆ ಹತ್ತು ನಿಮಿಷದ ಒಂದು ಹಾಡು ಮೀಸಲಾಯಿತು. ಹಾಕಿನ್ಸ್ ಜಾಗಕ್ಕೆ ಆಲ್ಬಮ್ಮಿನಲ್ಲಿ ಬೇರೆ ವಾದಕರು ಬರಲಿಲ್ಲ. ಹಿಂದೆ ನಿರ್ವಾಣ ತಂಡದಲ್ಲಿ ಡ್ರಮ್ಸ್ ನುಡಿಸುತ್ತಿದ್ದ, ಅದರ ಗಾಯಕ ಕರ್ಟ್ ಕೊಬೇನ್ ಸತ್ತ ವರ್ಷವೇ ಬಹುತೇಕ ಒಬ್ಬರೇ ಎಲ್ಲ ವಾದ್ಯ ನುಡಿಸಿ ಫೂ ಫೈಟರ್ಸ್ ಆರಂಭಿಸಿದ್ದ ಗ್ರೋಲ್ ಅವರೇ ಎಲ್ಲ ಹಾಡುಗಳಿಗೂ ಡ್ರಮ್ಸ್ ನುಡಿಸಿದರು.